ತಿಪ್ಪೆಯಲ್ಲಿ ಕೊಳೆಯದ ಹಾಳೆ

ಕಬ್ಬಿನ ಸಿಪ್ಪೆಯ ನಾರಿನಿಂದ ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಮಾಡುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಸಿಪ್ಪೆ ಉಗಾರದ ಸಕ್ಕರೆ ಕಾರ್ಖಾನೆಯಿಂದ ತರುತ್ತಿದ್ದೆ. ಸುತ್ತಿಟ್ಟ ತಿನಿಸು ಕೆಡದಿರಲೆಂದು ಹಾಳೆಗೆ ಲವಂಗದ ಎಣ್ಣೆ ಬೆರೆಸಿದ್ದೆ. ಪ್ರಯೋಗಾಲಯದ ತಟ್ಟೆಯಲ್ಲಿ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಬಳಸಿ ಎಸೆದ ಮೇಲೆ ಕೊಳೆಯುತ್ತದೆಯೇ ಎಂಬುದಷ್ಟೇ ಉಳಿದಿತ್ತು. ಬೇರೆ ಎಣ್ಣೆ ಬೆರೆಸಿದ್ದ ಹಿಂದಿನ ಹಾಳೆಗಳು ಕೊಳೆತಿರಲಿಲ್ಲ. ಇದೂ ಕೊಳೆಯದಿದ್ದರೆ ವಿಷಯ ಬಿಟ್ಟುಬಿಡಿ ಎಂದು ಮಾರ್ಗದರ್ಶಕರು ಹೇಳಿದ್ದರು.

ದಿಗ್ಗೇವಾಡಿಯ ನಮ್ಮ ಮನೆಯ ತಿಪ್ಪೆಯಲ್ಲಿ ಎರಡು ಜಾಳಿಗೆ ಚೀಲ ಹೂತೆ. ಒಂದರಲ್ಲಿ ಎಣ್ಣೆ ಬೆರೆಸಿದ ತುಣುಕುಗಳು, ಇನ್ನೊಂದರಲ್ಲಿ ಬೆರೆಸದವು. ಅವ್ವನಿಗೆ ಹೇಳಿ ಧಾರವಾಡಕ್ಕೆ ಹೋದೆ.

ಕೆಲವು ತಿಂಗಳ ಮೇಲೆ, ಹೊಲಕ್ಕೆ ಗೊಬ್ಬರ ಹೇರುವ ಹೊತ್ತಿಗೆ ತಿರುಗಿ ಬಂದರೆ, ಅಂಗಳದ ತಂತಿಯ ಮೇಲೆ ನನ್ನ ತುಣುಕುಗಳು ಒಣಗುತ್ತಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ತೊಳೆದು ಹಾಕಿದ್ದಳು. ಪ್ಲಾಸ್ಟಿಕ್ ತಿಂದು ಎಮ್ಮೆಯೊಂದು ಸತ್ತಾಗಿನಿಂದ ತಿಪ್ಪೆಯಿಂದ ಪ್ಲಾಸ್ಟಿಕ್ ಆರಿಸಿ ತೆಗೆಯುವುದು ಅವಳ ಕೆಲಸ.

"ನಾ ಹೇಳೇನಿ, ಅದು ನಿನ್ನ ಪರೀಕ್ಷಾದ್ದು ಅಂತ," ಒಳಗಿನಿಂದ ಅವ್ವ ಕೂಗಿದಳು. "ಕೇಳಬೇಕಲ್ಲ ನಿಮ್ಮ ಆಯಿ!"

"ಪರೀಕ್ಷಾ ಕಾಗದದ ಮ್ಯಾಲ ಬರೀತಾರ ಬೇ, ತಿಪ್ಯಾಗ ಯಾರ ಬರೀತಾರ?" ಎಂದ ಆಯಿ ನನ್ನತ್ತ ತಿರುಗಿದಳು. "ಏನ್ ಗಟ್ಟಿ ಮಾಡೀದಿ! ಸಾಬಾಣ ಹಚ್ಚಿ ತಿಕ್ಕೇನಿ, ಒಂದ ಕಡೆನೂ ಹರದಿಲ್ಲ."

"ಇನ್ನೊಂದ ಚೀಲ ಇತ್ತಲ್ಲ ಆಯಿ?"

"ಅದ್ರಾಗ ಏನಿತ್ತು? ಬರೇ ಮಣ್ಣ. ಝಾಡಿಸಿ ಚೆಲ್ಲಿದೆ."

ತುಣುಕುಗಳನ್ನು ತೂಗುವ ಅಗತ್ಯ ಉಳಿಯಲಿಲ್ಲ. ತಂತಿಯ ಮೇಲಿನವುಗಳಿಗೆ ಇನ್ನೂ ಲವಂಗದ ವಾಸನೆಯಿತ್ತು; ಎಣ್ಣೆಯಿಲ್ಲದ್ದು ಮಣ್ಣಾಗಿತ್ತು. ಎಣ್ಣೆ ತಟ್ಟೆಯಲ್ಲಿ ಮಾಡಿದ ಕೆಲಸವನ್ನೇ ತಿಪ್ಪೆಯಲ್ಲೂ ಮಾಡಿತ್ತು. ಕೊಳೆಸಬೇಕಾದ ಜೀವಿಗಳನ್ನು ಹತ್ತಿರ ಬಿಟ್ಟಿರಲಿಲ್ಲ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಸೋಮವಾರ ಬರ್ರಿ, ಬೇರೆ ವಿಷಯ ನೋಡೋಣು," ಎಂದರು. ಆಗಲಿ ಸರ್ ಎಂದೆ. ಅಳು ಬರಬಹುದೆಂದು ಕೊಟ್ಟಿಗೆಯ ಹಿಂದೆ ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ. ಹಸಿವೂ ಇರಲಿಲ್ಲ.

ಒಳಗೆ ಬಂದಾಗ ಆಯಿ ತುಣುಕುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಇವು ಇನ್ನ ನಿನಗ ಬೇಕೇನ?"

"ಬ್ಯಾಡ."

"ಹಂಗಾರ ಎಲಿ-ಅಡಕಿ ಸುತ್ತಾಕ ನಾನ ಇಟ್ಕೋತೀನಿ. ಆದ್ರ ಖರೇ ಹೇಳ, ಎಮ್ಮಿ ತಿಂದ್ರ ಏನೂ ಆಗೂದಿಲ್ಲಲ್ಲ?"

"ಗೊತ್ತಿಲ್ಲ ಆಯಿ," ಎಂದೆ. "ತಿಪ್ಯಾಗ ಮಾತ್ರ ಒಗೀಬ್ಯಾಡ."