ಇಲ್ಲ ಎಂದ ಕರೀಮುನ್ನಿಸಾ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮೀರಾಸಾಬನ ಮಗಳು ಕರೀಮುನ್ನಿಸಾ ಬೆಳಗಾವಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ೧೯೮೩ರ ಹೊತ್ತಿಗೆ ಏಳು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಸುಣ್ಣ ಬಳಿದ ಹಂಚು, ಬಳಿಯದ ಹಂಚು ಕೂಡಿಸಿ ಒಂದು ಸಾಲು ಇಡಬೇಕು. ಮೇಲಿನ ಸಾಲಿನಲ್ಲಿ ಅಕ್ಕಪಕ್ಕ ಯಾವುವಿವೆ ಎಂದು ನೋಡಿ, ಮೊದಲೇ ಗೊತ್ತುಮಾಡಿಕೊಂಡ ಒಂದು ನಿಯಮದಂತೆ ಅದರ ಕೆಳಗಿನ ಸಾಲು. ಹೀಗೇ ಇಡುತ್ತ ಹೋದರೆ ಮೊದಲ ಸಾಲು ಎಂದಾದರೂ ಮರಳಿ ಬಂದೀತೇ?

ಖಾನಾಪುರದ ಮನೆಯ ಅಂಗಳದ ತುಂಬ ಒಡಕು ಹಂಚು ಹರಡಿಕೊಂಡು ಅವಳು ಹಂಚು ಹಾಕುತ್ತಿದ್ದಳೋ ಹೊಂಚು ಹಾಕುತ್ತಿದ್ದಳೋ ಓಣಿಗೆ ತಿಳಿಯುತ್ತಿರಲಿಲ್ಲ. ಮಾಡು ಸೋರುವಾಗ ನೆಲಕ್ಕೆ ಹಂಚು ಹೊದಿಸುವ ಮಗಳನ್ನು ತಾನಷ್ಟೇ ಹೆತ್ತದ್ದು ಎಂದು ತಾಯಿ ಹುಸೇನಬೀ ದಖನಿಯಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಸಾಲಿಗೆ ಹನ್ನೆರಡೇ ಹಂಚು ಎಂದು ಕಟ್ಟು ಹಾಕಿದರೆ ಉತ್ತರ ಸಿಗುತ್ತಿತ್ತು. ನಲವತ್ತಾದರೂ ಸಿಗುವುದು ಖರೆ, ಇಡುವವರ ಮೊಮ್ಮಕ್ಕಳ ಆಯುಷ್ಯ ಸಾಲದು ಅಷ್ಟೇ. ಕಟ್ಟೇ ಇಲ್ಲದೆ ಬೆಳೆಯಲು ಬಿಟ್ಟರೋ, ಎಲ್ಲ ಸಾಲುಗಳಿಗೂ ಉತ್ತರ ಹೇಳಬಲ್ಲ ವಿಧಾನ ಇಲ್ಲವೇ ಇಲ್ಲ. ಅವಳ ಪ್ರಬಂಧದ ಕೊನೆಯ ಅಧ್ಯಾಯ ಸಾಧಿಸಿದ್ದು ಇದನ್ನೇ.

ಮಾರ್ಗವೇ ಇಲ್ಲ ಎನ್ನುವವಳಿಗೆ ಮಾರ್ಗದರ್ಶಕರು ಅದೇ ಕಾಲೇಜಿನ ಪ್ರೊಫೆಸರ್ ಚನ್ನಬಸಯ್ಯ. ಆ ಅಧ್ಯಾಯ ತೆಗೆಯದೆ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದೆ ಡಾಕ್ಟರೇಟಿಲ್ಲ. ಸಲ್ಲಿಸಲು ಉಳಿದದ್ದು ಮೂರೇ ತಿಂಗಳು.

“ಸಿಗಲಿಲ್ಲ ಅಂತ ಬರಿಯವಾ. ಇಲ್ಲ ಅಂತ ಹೆಂಗ ಬರೀತಿ?”

“ಹುಡುಕಿ ಸಾಕಾಗಿದ್ರ ಹಂಗ ಬರೀತಿದ್ದೆ, ಸರ್. ನೀವು ಯಾವ ವಿಧಾನರ ತರ್ರಿ, ಅದು ಸೋಲೂ ಸಾಲು ನಾ ತರ್ತೇನಿ.”

ಚನ್ನಬಸಯ್ಯ ಹಟಕ್ಕೆ ಬಿದ್ದರು. ಶನಿವಾರಕ್ಕೊಂದು ವಿಧಾನ ಬರೆದು ಕೊಡುವರು. ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಖಾನಾಪುರದ ರೈಲು ಹತ್ತುವಳು. ಸೋಮವಾರ ಆ ವಿಧಾನದ ಹೆಜ್ಜೆಗಳನ್ನೇ ಹಂಚಿನ ಗುರುತುಗಳಾಗಿ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಸಾಲು ಬರೆದು ತರುವಳು. ಬಿಚ್ಚಿದರೆ ಕಾಗದದ ಸುರುಳಿ ಸ್ಟಾಫ್ ರೂಮಿನ ಬಾಗಿಲು ದಾಟುತ್ತಿತ್ತು. ಆ ಸಾಲಿನ ಬಗ್ಗೆ ವಿಧಾನ ‘ಮರಳುತ್ತದೆ’ ಎಂದರೆ ಸಾಲು ಮರಳದು, ‘ಮರಳದು’ ಎಂದರೆ ಮರಳುವುದು. ಒಂಬತ್ತು ಶನಿವಾರಗಳಲ್ಲಿ ಒಂಬತ್ತೂ ಮಣ್ಣುಪಾಲಾದವು.

ಆ ಅಧ್ಯಾಯ ಕತ್ತರಿಸಿ ಡಾಕ್ಟರ್ ಆಗು ಎಂದು ಸಹೋದ್ಯೋಗಿಗಳು ಬುದ್ಧಿ ಹೇಳಿದರು. ಕತ್ತರಿಸಿ ಡಾಕ್ಟರ್ ಆಗುವುದು ಆಸ್ಪತ್ರೆಯವರಿಗೆ ಸರಿ, ತನಗಲ್ಲ ಎಂದಳು.

ಒಂಬತ್ತು ಸೋತರೇನು, ಮುಂದಿನದು ಗೆದ್ದೀತು ಎಂದು ಪ್ರೊಫೆಸರರು ಹತ್ತನೆಯ ಕಾಗದ ಚಾಚಿದರು. ಅವಳು ಮುಟ್ಟಲಿಲ್ಲ.

“ಇದರ ಸಾಲು ನೀವ ಕಟ್ರಿ, ಸರ್. ಕಟ್ಟೂದು ಹೆಂಗಂತ ಕೊನೀ ಅಧ್ಯಾಯದಾಗ ಐತಿ. ನೀವು ತೆಗಿ ಅಂದಿರಲ್ಲ, ಅದರಾಗ.”

ತೆಗೆಯಲು ಹೇಳಿದವರು ಅದನ್ನು ಪೂರ್ತಿ ಓದಿರಲಿಲ್ಲ. ಈಗ ಓದಿದರು. ಎಂಟು ದಿನ ಕಾಲೇಜಿನಲ್ಲಿ ಕಾಣಿಸಲಿಲ್ಲ. ತಮ್ಮ ವಿಧಾನವನ್ನು ತಮ್ಮ ಕೈಯಾರೆ ಸೋಲಿಸಿಕೊಂಡು ಬಂದು, ಪ್ರಬಂಧದ ಜೊತೆ ಇಡುವ ಮಾರ್ಗದರ್ಶಕರ ಪ್ರಮಾಣಪತ್ರಕ್ಕೆ ಸಹಿ ಹಾಕಿ, ಕೆಳಗೆ ಬರೆದರು: ‘ತೀರ್ಮಾನ ನನಗೆ ಹಿಡಿಸಿಲ್ಲ. ತಪ್ಪು ಸಿಕ್ಕಿಲ್ಲ.’

ಬರೆದ ಮೇಲೆ ಅವರಿಗೇ ಮುಜುಗರವಾಗಿ, ಪರೀಕ್ಷಕರು ಏನು ತಿಳಿದಾರೋ, ಬೇರೆ ಹಾಳೆ ಟೈಪ್ ಮಾಡಿಸೋಣ ಎಂದರು.

“ಬ್ಯಾಡ್ರಿ ಸರ್,” ಎಂದು ಅವಳು ಹಾಳೆ ಎಳೆದುಕೊಂಡಳು. “ಹಿಡಿಸೂದು ಬಿಡೂದು ನಿಮ್ಮ ಮರ್ಜಿ. ನನಗ ಎರಡನೇ ಮಾತು ಬೇಕಾಗೇತಿ.”

ಆ ಹಾಳೆಯನ್ನೇ ಮೊದಲಿಗಿಟ್ಟು ಪ್ರಬಂಧಕ್ಕೆ ರಟ್ಟು ಹಾಕಿಸಿದಳು. ಕೊನೆಯ ಅಧ್ಯಾಯದ ಒಂದಕ್ಷರವೂ ಕಡಿಮೆಯಾಗಿರಲಿಲ್ಲ.