ನೀರಿನ ಮೇಲೆ ಕಾಶಿಯಾತ್ರೆ

ಬೆಳಗ್ಗೆ ಅಕ್ಕಿ ಆರಿಸಿದೆ, ಒರಳು ತೊಳೆದೆ, ಮಳೆ ಬಿಟ್ಟಿದ್ದರಿಂದ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಜೊತೆಗೆ ಬೂಷ್ಟು ಹಿಡಿದಿದ್ದ, ನನ್ನ ತಮ್ಮನ ಮದುವೆಯ ಆಲ್ಬಮ್ಮನ್ನೂ. ಶ್ರೀಕಾರ್ಯಂನ ಈ ಮನೆಯಲ್ಲಿ ಬೂಷ್ಟು ಹಿಡಿಯದಿರುವುದು ನನ್ನ ನಾಲಿಗೆಗೆ ಮಾತ್ರ ಎನ್ನುತ್ತಾರೆ ನಮ್ಮವರು.

ಫೋಟೊಗಳನ್ನು ಹತ್ತಿಯಿಂದ ಒರೆಸುತ್ತಿದ್ದೆ. ಇಲ್ಲೇ ಹುಟ್ಟಿ ಬೆಳೆದು ಮಾತಿಗೆ ಮಲಯಾಳ ಬೆರೆಸುವ ಮಗ ಬಂದು ನಿಂತ. "ಅಮ್ಮಾ, ನಾಳೆ ಕೊಚ್ಚಿಗೆ ಹೋಗಲಾ? ಕ್ಯಾಮೆರಾನೂ ವೇಣಂ, ಬೇಕೇ ಬೇಕು." ಗೆಳೆಯನ ಅಣ್ಣನ ಮದುವೆಯಂತೆ, ಮದುಮಗನನ್ನು ದೋಣಿಯಲ್ಲಿ ಕರೆದೊಯ್ಯುತ್ತಾರಂತೆ. ದೋಣಿ ಎಂದರೆ ನನ್ನ ಉತ್ತರ ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

ನಾನು ಹಲ್ಲಿಗೂ ಹೆದರುವವಳು, ಒಪ್ಪುತ್ತೇನೆ. ಆದರೆ ನೀರಿನ ಭಯಕ್ಕೆ ಕಾರಣವಿದೆ, ಕೇಳಿ. ನನ್ನ ತಮ್ಮ ನಾಗೇಶನಿಗೆ ಈಜು ಬಾರದು. ಚಿಕ್ಕಂದಿನಲ್ಲಿ ಊರ ಕಲ್ಯಾಣಿಯಿಂದ ಅವನನ್ನು ಕೂದಲು ಹಿಡಿದು ಎಳೆದು ತಂದಿದ್ದರು. ಅಂಥವನಿಗೆ ಕೊಚ್ಚಿಯ ನೀರಿನ ನಡುವಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೆಲಸ. ಕೊಚ್ಚಿಯಲ್ಲೇ ನೆಲೆಸಿದ್ದ ನಮ್ಮ ಕಡೆಯವರ ಮಗಳೊಡನೆ ಮದುವೆ. ಹಿನ್ನೀರಿನ ಅಂಚಿಗೇ ಚಪ್ಪರ. ನಮ್ಮವರು ಪುರೋಹಿತರ ಕೆಲಸಕ್ಕೆ ಸಿಕ್ಕಿಬಿದ್ದಿದ್ದರಿಂದ ಅವರ ಡಬ್ಬಿ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು.

ಕಾಶಿಯಾತ್ರೆ ನಿಮಗೆ ಗೊತ್ತೇ ಇದೆ. ಕೊಡೆ ಹಿಡಿದು ಮದುಮಗ ನಾಲ್ಕು ಹೆಜ್ಜೆ ನಡೆಯಬೇಕು, ಮಾವ ಬೇಡಿಕೊಂಡು ಕರೆತರಬೇಕು. ಆದರೆ ಆಫೀಸಿನ ಗೆಳೆಯರಾದ ವರ್ಗೀಸ್, ಹಂಸ, ಕುಟ್ಟನ್ ಒಪ್ಪಬೇಕಲ್ಲ! "ಕಾಶಿಗೆ ಯಾರಾದರೂ ನಡೆದು ಹೋಗ್ತಾರಾಡಾ?" ಎಂದು ಅವನನ್ನು ಎತ್ತಿ ಕಿರುದೋಣಿಯಲ್ಲಿ ನಿಲ್ಲಿಸಿ, ತಾವೂ ಹತ್ತಿಯೇಬಿಟ್ಟರು.

"ಅಳಿಯಂದ್ರೇ, ನಾನಿನ್ನೂ ಬೇಡಿಕೊಂಡೇ ಇಲ್ಲ!" ದಡದಲ್ಲಿ ತೆಂಗಿನಕಾಯಿ ಹಿಡಿದು ಮಾವ ಕೂಗಿದರು.

"ಚೇಚೀ, ಫೋಟೊ!" ಎಂದು ಈ ಅಕ್ಕನನ್ನು ಕೂಗಿದ ವರ್ಗೀಸ್.

ಬಗ್ಗಿ ಕ್ಯಾಮೆರಾದ ಗಾಜಿನೊಳಗೆ ನೋಡಿದೆ. ಅಂಗೈಯಗಲದ ನೀರು, ಅದರಲ್ಲಿ ಬೆರಳುದ್ದದ ತಮ್ಮ. ಅಮ್ಮ ಹಿಂದಿನಿಂದ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು. "ಫೋಟೊ ಹಾಳಾಗ್ಲಿ, ಮಗೂನ ಇಳಿಸೇ!" ಅಷ್ಟರಲ್ಲಿ ದೂರದಲ್ಲಿ ಹಾದುಹೋದ ಬೋಟಿನ ಅಲೆ ಬಂತು. ದೋಣಿ ವಾಲಿತು. ಕೊಡೆ ನೀರಿಗೆ ಬಿತ್ತು. ಗಾಬರಿಗೆ ನನ್ನ ಬೆರಳು ಗುಂಡಿ ಒತ್ತಿತು.

ತಮ್ಮ ಬೀಳಲಿಲ್ಲ. ನಗುತ್ತಲೇ ಇಳಿದ, ತಾಳಿಯನ್ನೂ ಕಟ್ಟಿದ. ನಾನು ಮಾತ್ರ ಆ ಫೋಟೊ ಬಂದಾಗ, ಬೀಳುತ್ತಿರುವ ಕೊಡೆ ಕಂಡದ್ದೇ ಪುಟ ಮಗುಚಿದೆ.

ಇಂದು ಬೂಷ್ಟು ಒರೆಸುವಾಗ ವಿಧಿಯಿಲ್ಲದೆ ನೋಡಿದೆ. ವರ್ಗೀಸನ ಮುಷ್ಟಿಯಲ್ಲಿ ತಮ್ಮನ ಕಚ್ಚೆ, ಹಂಸನ ಮುಷ್ಟಿಯಲ್ಲಿ ಶಲ್ಯ. ಕುಟ್ಟನ್ ಅಂತೂ ಎರಡೂ ಕೈಯಲ್ಲಿ ಅವನ ಸೊಂಟ ತಬ್ಬಿದ್ದಾನೆ. ಬಾಯಿ ನಗುತ್ತಿದೆ, ಒಬ್ಬನ ಹಿಡಿಯೂ ಸಡಿಲವಿಲ್ಲ.

"ಹೋಗು," ಎಂದೆ. "ಪಕ್ಕದವನ ಅಂಗಿ ಮಾತ್ರ ಬಿಡಬೇಡ."

"ಅಯ್ಯೋ ಅಮ್ಮಾ, ಪಿನ್ನೆ ಫೋಟೊ ಯಾರು ತೆಗೀತಾರೆ?"

ಅದೂ ನಿಜವೇ.

"ಹಾಗಾದ್ರೆ ನಿನ್ನ ಅಂಗೀನ ಹಿಂದಿನಿಂದ ಯಾರಾದರೂ ಹಿಡ್ಕೊಳ್ಳಲಿ," ಎಂದೆ.

ರಾತ್ರಿ ಕುಸುಬಲಕ್ಕಿ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ಮೊದಲು ಮಗ ಮಲಗಿದ, ಆಮೇಲೆ ನಮ್ಮವರು. ನಾನು ಕ್ಯಾಮೆರಾ ಪಟ್ಟಿಯ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕುತ್ತಾ ಕುಳಿತೆ.