ತೊಳೆಯಬಾರದ ಕಡ್ಲಿ ಪಲ್ಲೆ

ಅಟ್ಟದ ಮೇಲಿದ್ದ ಗಡಿಗೆಯನ್ನು ಮೊನ್ನೆ ಇಳಿಸಿ, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಒಳಗೆ ಏನೂ ಇಲ್ಲ. ಆದರೂ ವಾಸನೆ ಬಂತು ನೋಡಿ, ಒಣಗಿದ ಕಡಲೆ ಸೊಪ್ಪಿನ ಹುಳಿ ವಾಸನೆ. ದವಡೆಯ ಮೂಲೆ ಜುಮ್ಮೆಂದು ಬಾಯಲ್ಲಿ ನೀರೂರಿತು. ನಿಮ್ಮ ಮನೆಯಲ್ಲೂ ಇಂಥ ಗಡಿಗೆ ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇದು ಯಲಬುರ್ಗಾ ಹತ್ತಿರದ ನಮ್ಮ ಊರಮನೆಯದು. ಆ ಮನೆ ಪಾಲಾಗಿ, ಮಾರಾಟವಾಗಿ, ಈಗ ಅಲ್ಲಿ ಯಾರದೋ ಗೊಬ್ಬರದ ಅಂಗಡಿ ಇದೆ. ಗಡಿಗೆ ಮಾತ್ರ ನಮ್ಮ ದೊಡ್ಡವ್ವನ ಜೊತೆ ಕೊಪ್ಪಳದ ನನ್ನ ಮನೆಗೆ ಬಂತು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಹೆತ್ತವಳಲ್ಲ, ಆದರೆ ನನ್ನನ್ನು ಬೈದು ಬೈದು ಬೆಳೆಸಿದವಳು.

ಎರೆ ಹೊಲದಲ್ಲಿ ಕಡಲೆ ಗೇಣುದ್ದ ಎದ್ದು ಇನ್ನೂ ಹೂ ಬಿಡುವ ಮುನ್ನ, ದೊಡ್ಡವ್ವ ಚಳಿಯಲ್ಲೇ ನಮ್ಮನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದಳು. ಕುಡಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಹೊಲಕ್ಕೂ ಒಳ್ಳೆಯದು, ಮನೆಗೂ ಪಲ್ಯ. ಎಲೆಯ ಹುಳಿ ಬೆರಳ ಸಂದಿಗೆ ಹತ್ತಿ ಚುರುಗುಟ್ಟುತ್ತಿತ್ತು. ನಾವು ಬೆರಳು ನೆಕ್ಕಿ, ಕಣ್ಣು ಕಿವುಚಿ ನಗುತ್ತಿದ್ದೆವು. ಬದುವಿನ ಮೇಲೆ ಯಾರೂ ಬಿತ್ತದೆ ಎದ್ದ ಕಿರಕಸಾಲಿ ಸೊಪ್ಪನ್ನೂ ಅವಳು ಬಿಡದೆ ಉಡಿಗೆ ತುಂಬಿಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೆ ಪಡಸಾಲೆಯ ನೆರಳಲ್ಲಿ ಹಳೆಯ ಧೋತರ ಹಾಸಿ ಸೊಪ್ಪು ಹರವುವುದು. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಕಡಲೆ ಸೊಪ್ಪಿಗೆ ನೀರಂತೂ ಮುಟ್ಟಿಸುವಂತೆಯೇ ಇಲ್ಲ. ಹುಳಿ ಇರುವುದೇ ಎಲೆಯ ಮೈಮೇಲೆ, ತೊಳೆದರೆ ಎಲ್ಲ ಹೋಯಿತು. ಒಣಗಿದ್ದನ್ನು ಅಂಗೈಯಲ್ಲಿ ತಿಕ್ಕಿ ಗಡಿಗೆಗೆ ತುಂಬಿಟ್ಟರೆ, ಬೇಸಿಗೆಯಲ್ಲಿ ಕಾಯಿಪಲ್ಯ ಸಿಗದಾಗ ಇಳಿಸುತ್ತಿದ್ದಳು. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ, ಅಷ್ಟೇ. ಹುಣಸೆಹಣ್ಣಿನ ಹಂಗೇ ಇರಲಿಲ್ಲ.

ನಮ್ಮ ಚಿಗವ್ವ, ಚಿಕ್ಕಪ್ಪನ ಹೆಂಡತಿ, ಗಂಗಾವತಿ ಕಡೆಯವಳು. ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ, ಪಾಪ, ಹಿರಿಯಳ ಕೆಲಸ ಹಗುರ ಮಾಡೋಣವೆಂದು ಬುಟ್ಟಿ ಸೊಪ್ಪನ್ನೆಲ್ಲ ಬಚ್ಚಲಿಗೆ ಒಯ್ದು ಜಾಲಿಸಿ ತಂದಳು. ದೊಡ್ಡವ್ವ ಹಣೆ ಹಣೆ ಬಡಿದುಕೊಂಡಳು.

“ಅಯ್ಯ ನನ ಶಿವನ! ಹುಳಿ ಎಲ್ಲಾ ಬಚ್ಚಲಕ್ಕ ಕುಡಿಸಿದೆಲ್ಲ ತಂಗಿ!”

“ಮಣ್ಣ ಇರತೈತಂತ ತೊಳದೆ ಅಕ್ಕಾರ…”

“ಮಣ್ಣ ತಿಂದ್ರ ಯಾರೂ ಸಾಯಂಗಿಲ್ಲ. ಒಯ್ದು ಎಮ್ಮಿಗಿಡು, ಅದಾರ ತಿಂತೈತೇನ ನೋಡೂಣು!”

ಎಮ್ಮೆಯೇನೋ ತಿಂದಿತು. ದೊಡ್ಡವ್ವನ ಬೈಗುಳ ಮಾತ್ರ ಯುಗಾದಿವರೆಗೂ ಮುಗಿಯಲಿಲ್ಲ. ಅಡುಗೆ ಕೆಟ್ಟರೆ ಬೀಗರ ಮನೆಯಲ್ಲೂ ಮುಖಕ್ಕೆ ಹೊಡೆದಂತೆ ಹೇಳಿಬಿಡುವ ಬಾಯಿ ಅದು. ಸುಳ್ಳು ಹೊಗಳಿಕೆ ಅವಳಿಗೆ ಬರುತ್ತಲೇ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಆ ಬಾಯಿಗೇ ರುಚಿ ಕೆಟ್ಟಿತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಗಂಜಿ ಇಟ್ಟರೆ ತಲೆ ಹೊರಳಿಸುತ್ತಿದ್ದವಳು ಒಂದು ದಿನ, “ಒಣಾ ಕಡ್ಲಿ ಪಲ್ಲೆ ಇದ್ರ ಒಂಚೂರು ಉಣತಿದ್ನೆವಾ,” ಅಂದಳು. ಗಡಿಗೆ ಖಾಲಿಯಾಗಿ ವರ್ಷಗಳೇ ಆಗಿದ್ದವು. ಊರಿಗೆ ಓಡಿದೆ. ನಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಿದ್ದವನು, ನಾನು ಬಗ್ಗುವಷ್ಟರಲ್ಲಿ, “ಮುಟ್ಟಬ್ಯಾಡ್ರಿ ಅಕ್ಕಾರ, ಮೊನ್ನೆರ ಎಣ್ಣಿ ಹೊಡದೀವ್ರಿ,” ಎಂದು ಕೂಗಿದ. ಎಣ್ಣಿ ಎಂದರೆ ಹುಳಕ್ಕೆ ಹೊಡೆಯುವ ಔಷಧ. ಪಕ್ಕದ ಹೊಲ, ಅದರಾಚೆಯ ಹೊಲ, ಎಲ್ಲ ಕಡೆಯೂ ಅದೇ. “ಹೊಡಿಲಿಲ್ಲಂದ್ರ ಹುಳ ಒಂದ ಕಾಳ ಬಿಡಂಗಿಲ್ರಿ. ನಾವೂ ಪಲ್ಲೆ ತಿನ್ನೂದ ಬಿಟ್ಟೀವ್ರಿ,” ಅಂದ. ಅವನನ್ನು ಏನೆಂದು ಬೈಯಲಿ? ಬದುವಿನ ಹಸಿರೂ ಕಳೆನಾಶಕಕ್ಕೆ ಸುಟ್ಟು ಹಳದಿಯಾಗಿತ್ತು. ಕೊನೆಗೆ ಕೊಪ್ಪಳದ ಸಂತೆಯಲ್ಲೇ ಸೊಪ್ಪು ಕೊಂಡೆ. ಎಣ್ಣಿ ಹೊಡೆದದ್ದೇ ಎಂದು ಕೇಳಿದರೆ ಮಾರುವವಳು, “ಯಾರಿಗ್ಗೊತ್ರಿ, ನಾ ತಂದು ಮಾರಾಕಿ,” ಅಂದಳು.

ಗೊತ್ತಿದ್ದೂ ಗೊತ್ತಿದ್ದೂ ತೊಳೆದೆ. ಉಪ್ಪುನೀರಲ್ಲಿ ನೆನೆಸಿ ಮತ್ತೆ ತೊಳೆದೆ. ಇನ್ನೇನು ಮಾಡಬಹುದಿತ್ತು ಹೇಳಿ? ನೀರು ಚೆಲ್ಲುವಾಗ ಬುಟ್ಟಿ ಹಿಡಿದು ನಿಂತ ಚಿಗವ್ವನ ಮುಖವೇ ಕಣ್ಣೆದುರು ಬಂತು. ಫ್ಯಾನಿನ ಕೆಳಗೆ ಒಣಗಿಸಿ, ಬೇಳೆ ನುಚ್ಚು ಹಾಕಿ ಬೇಯಿಸಿ, ಮೊದಲು ನಾನೇ ತಿಂದು ನೋಡಿದೆ. ಬರೀ ಹುಲ್ಲು. ಅದನ್ನೇ ದೊಡ್ಡವ್ವನ ಬಾಯಿಗಿಟ್ಟೆ. ಅವಳು ಬಾಯಲ್ಲಿ ನಿಧಾನವಾಗಿ ಆಡಿಸಿದಳು. ಬೈಯಲಿ ಎಂದು ಕಾದೆ. ದೇವರೇ, ಒಂದು ಸಲ ಬೈಯಲಿ, ಹುಳಿ ಎಲ್ಲ ಬಚ್ಚಲಿಗೆ ಕುಡಿಸಿದೆ ಅನ್ನಲಿ, ಎಮ್ಮೆಗಿಡು ಅನ್ನಲಿ. ಅವಳು ಕಷ್ಟಪಟ್ಟು ನುಂಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ಹಿಡಿದು, “ಛಲೋ ಆಗೇತಿ, ಮಗಳ,” ಅಂದಳು.

ಯುಗಾದಿಗೆ ಅವಳು ಇರಲಿಲ್ಲ.

ಮೊನ್ನೆ ಗಡಿಗೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಮತ್ತೆ ಅಟ್ಟಕ್ಕೇರಿಸಿದೆ. ಬಿಚ್ಚಿದಷ್ಟೂ ಆ ವಾಸನೆ ಹೋಗುತ್ತದೆ.